ನೀರಿಗೆ ಹಾಡು, ಹಾಡಿಗೆ ಹಗ್ಗ

ನಮ್ಮೂರಿನ ಕೆರೆ ಹೊಲಗಳಿಗಿಂತ ತಗ್ಗಿನಲ್ಲಿದೆ. ಹಾಗಾಗಿ ನೀರು ಹೊಲಕ್ಕೆ ಬರಬೇಕಾದರೆ ಯಾರಾದರೂ ಕೆರೆಗೆ ಕೇಳುವ ಹಾಗೆ, ಹೆಚ್ಚಾಗಿ ದಂಡೆಯ ಮೇಲೆ ನಿಂತು, ಹಾಡಬೇಕು. ಹಾಡು ನಡೆಯುವಷ್ಟು ಹೊತ್ತು ನೀರು ಕಾಲುವೆ ಹಿಡಿದು ಮೇಲೇರುತ್ತದೆ. ಹಾಡು ನಿಂತರೆ ತಾನೂ ನಿಂತು, ಸ್ವಲ್ಪ ಹೊತ್ತು ಕಾದು ನೋಡಿ, ಬಂದ ದಾರಿಯಲ್ಲೇ ಇಳಿದುಹೋಗುತ್ತದೆ. ಒಂದು ತಾಕು ಜೋಳ ಬೆಳೆಯಲು ಮೂರು ಮುಂಜಾನೆಯ ಹಾಡು ಸಾಕು. ಭತ್ತಕ್ಕೆ ಏಳು ಬೇಕು, ಅದೂ ಎಳೆದೆಳೆದು ಹಾಡುವ ನಿಧಾನದ ಹಾಡೇ ಆಗಬೇಕು.

ಇದಕ್ಕೆ ನಾವೆಲ್ಲ ಹೊಂದಿಕೊಂಡು ಬಹಳ ಕಾಲವಾಗಿತ್ತು. ಬಿತ್ತನೆ ಮುಗಿದ ಮೇಲೆ ಊರಿನಲ್ಲಿ ಮಾತು ಕಡಿಮೆಯಾಗುತ್ತಿತ್ತು. ಸಂತೆಯಲ್ಲಿ ಬದನೆಕಾಯಿಯನ್ನೂ ಕೈಸನ್ನೆಯಲ್ಲೇ ಕೊಳ್ಳುತ್ತಿದ್ದೆವು. ಗಂಡ ಹೆಂಡಿರ ಜಗಳವನ್ನು ಸುಗ್ಗಿಯ ನಂತರಕ್ಕೆ ಎತ್ತಿಡುತ್ತಿದ್ದೆವು. ಅಷ್ಟರಲ್ಲಿ ಯಾಕೆ ಜಗಳವಾಡಬೇಕಿತ್ತು ಅನ್ನುವುದು ಇಬ್ಬರಿಗೂ ಮರೆತುಹೋಗಿರುತ್ತಿತ್ತು. ಗಂಟಲಿಗೆಂದು ಜ್ಯೇಷ್ಠಮಧು ಅಗಿಯದ ಬಾಯಿ ಊರಲ್ಲಿ ಇರಲಿಲ್ಲ. ತೊಟ್ಟಿಲ ಮಗುವನ್ನು ತಟ್ಟಿ ಮಲಗಿಸುತ್ತಿದ್ದರೇ ಹೊರತು ಜೋಗುಳ ಹಾಡುವಷ್ಟು ಗಂಟಲು ಯಾರಿಗೂ ಉಳಿದಿರುತ್ತಿರಲಿಲ್ಲ. ಹೆಣ್ಣು ನೋಡಲು ಬಂದವರು ಅಡಿಗೆ ಬರುತ್ತದೆಯೇ ಎಂದು ಕೇಳುತ್ತಿರಲಿಲ್ಲ. ಹುಡುಗಿಯನ್ನು ನೇರವಾಗಿ ಕೆರೆಯ ದಂಡೆಗೆ ಕರೆದೊಯ್ದು, ನೀರು ಎಷ್ಟು ದೂರ ಬರುತ್ತದೆ ಎಂದು ನೋಡುತ್ತಿದ್ದರು.

ನನ್ನ ಅಕ್ಕ ದ್ಯಾಮವ್ವ ಹಾಡಿದ ದಿನ ನೀರು ಹೊಲ ದಾಟಿ ನೋಡಬಂದ ಬೀಗರ ಕಾಲಿನವರೆಗೆ ಬಂತಂತೆ. ನನಗೆ ಆ ಪರೀಕ್ಷೆ ಆಗಲೇ ಇಲ್ಲ. ಅಕ್ಕನ ಮೈದುನನಿಗೇ ನನ್ನನ್ನು ಕೊಟ್ಟು, ಇಬ್ಬರೂ ಒಂದೇ ಮನೆಯ ಸೊಸೆಯರಾದೆವು. ಪರೀಕ್ಷೆ ಮಾಡದಿದ್ದುದಕ್ಕೆ ಕಾರಣ ಊರಿಗೆಲ್ಲ ಗೊತ್ತಿತ್ತು. ಹನ್ನೆರಡನೆಯ ವಯಸ್ಸಿನಲ್ಲಿ ನನ್ನನ್ನು ಮೊದಲ ಸಲ ಹಾಡಲು ನಿಲ್ಲಿಸಿದಾಗ, ಆಗಲೇ ತೂಬಿನವರೆಗೆ ಬಂದಿದ್ದ ನೀರು ಗಿರ್ರನೆ ತಿರುಗಿ, ದಂಡೆಯ ಮೇಲಿದ್ದ ಯಾರದೋ ಚಪ್ಪಲಿಯನ್ನೂ ಹೊತ್ತುಕೊಂಡು ಓಡಿಹೋಗಿತ್ತು. ಅಂದಿನಿಂದ ನನಗೆ ಎರಡು ಕೆಲಸ ಕೊಟ್ಟರು. ಪುಂಡಿ ನಾರಿನಿಂದ ಹಗ್ಗ ಹೊಸೆದು ಊರವರ ಹೊರಸು, ಅಂದರೆ ಹಗ್ಗದ ಮಂಚ, ಹೆಣೆಯುವುದು ಒಂದು. ತೂಬಿನ ಹತ್ತಿರ ಕುಳಿತು, ಯಾವ ತಾಕಿಗೆ ಎಷ್ಟು ಮುಂಜಾನೆ ಹಾಡಿದರು ಎಂದು ಹುರಿಯಲ್ಲಿ ಗಂಟು ಹಾಕಿ ಲೆಕ್ಕ ಇಡುವುದು ಇನ್ನೊಂದು. ಎರಡೂ ನನಗೆ ಹಿಡಿಸಿದ್ದವು. ಹಾಡಲು ಬರದವಳಿಗೆ ಹಾಡು ಕೇಳುವ ಕೆಲಸ ಸಿಕ್ಕರೆ ಯಾರು ಬೇಡವೆನ್ನುತ್ತಾರೆ?

ಹೊಲ ಊರಿಗೆಲ್ಲ ಸೇರಿ ಒಂದೇ ಬಯಲು, ಐವತ್ತು ತಾಕು. ಹಿರಿಯರ ಕಾಲದಿಂದ ಮೂವತ್ತೈದು ತಾಕು ಭತ್ತ, ಹದಿನೈದು ತಾಕು ಜೋಳ. ನನ್ನ ಗಂಟುಗಳ ಪ್ರಕಾರ ಅದಕ್ಕೆ ಹಂಗಾಮಿಗೆ ಇನ್ನೂರ ತೊಂಬತ್ತು ಮುಂಜಾನೆಯ ಹಾಡು ಬೇಕಿತ್ತು. ಅದರಲ್ಲಿ ತೊಂಬತ್ತು ಅಕ್ಕನೊಬ್ಬಳದೇ. ಉಳಿದ ಇನ್ನೂರನ್ನು ಊರಿನ ಮಿಕ್ಕ ಗಂಟಲುಗಳೆಲ್ಲ ಸೇರಿ ಹೇಗೋ ಮುಗಿಸುತ್ತಿದ್ದವು.

ಆ ವರ್ಷ ಬಿತ್ತನೆಗೆ ಇನ್ನು ಹದಿನೈದು ದಿನ ಇದೆ ಅನ್ನುವಾಗ ಅಕ್ಕ ಬೆಳಗ್ಗೆ ಎದ್ದು ನನ್ನನ್ನು ಕರೆದಳು. ಬಾಯಿ ಆಡಿತು, ದನಿ ಬರಲಿಲ್ಲ. ನಗುತ್ತಾ ಇನ್ನೊಮ್ಮೆ ಕರೆದಳು. ಆಗಲೂ ಬರಲಿಲ್ಲ. ಆಮೇಲೆ ಅವಳು ನಗಲಿಲ್ಲ.

ಔಷಧಿ ಕೊಡುವ ಇಮಾಮಸಾಬರು ಬಂದು ಅಕ್ಕನ ಬಾಯಿಯನ್ನು ಬಿಸಿಲಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು. "ಯವ್ವಾ, ಇದು ಔಷಧಕ್ಕ ಬಗ್ಗೂದಲ್ಲ. ಐದು ತಿಂಗಳು ಒಂದು ಪಿಸುಮಾತೂ ಆಡಬ್ಯಾಡ. ಸುಗ್ಗಿ ಆಗೂತನಾ ಸುಮ್ಮನಿದ್ದರ ದನಿ ತಿರುಗಿ ಬರತೈತಿ. ಈ ಹಂಗಾಮಿನಾಗ ಒಂದು ಹಾಡು ಹಾಡಿದ್ರೂ ಮತ್ತ ನನ್ನ ಕರೀಬ್ಯಾಡ್ರಿ," ಎಂದರು. ಅಕ್ಕ ನನ್ನ ಕೈ ಹಿಡಿದು, ಹೊಲದ ಕಡೆ ತೋರಿಸಿ, ಕೈ ಬಿಟ್ಟು ತನ್ನ ಹತ್ತೂ ಬೆರಳನ್ನು ಒಂಬತ್ತು ಬಾರಿ ಮಡಚಿ ಬಿಡಿಸಿದಳು. ತೊಂಬತ್ತು. ಅದನ್ನು ಯಾರು ಹಾಡುತ್ತಾರೆ ಎಂದು ಕೇಳುತ್ತಿದ್ದಳು.

ಊರೂ ಅದನ್ನೇ ಕೇಳಿತು. ಮರುದಿನ ಸಂಜೆ ಕಣದಲ್ಲಿ ಎಲ್ಲರೂ ಸೇರಿದರು. ಊರ ಹಿರಿಯ ನಿಂಗನಗೌಡರು ಮಧ್ಯದಲ್ಲಿ ಕುಳಿತಿದ್ದರು. ಎಲ್ಲರಿಗಿಂತ ಮೊದಲು ಎದ್ದು ನಿಂತವಳು ರೊಟ್ಟಿ ಬಡಿಯುವುದರಲ್ಲಿ ಹೆಸರಾದ ಕಾಶಜ್ಜಿ.

"ಇದರಾಗ ವಿಚಾರ ಮಾಡೂದು ಏನೈತಿ? ಏಳು ಹಾಡು ತಿನ್ನೂ ಭತ್ತ ಬಿಟ್ಟು, ಮೂರು ಹಾಡಿನ ಜೋಳ ಬಿತ್ತೂದು. ಐವತ್ತೂ ತಾಕು ಜೋಳ! ಬರೇ ಒಂದೂವರೆ ನೂರು ಮುಂಜಾನೆ. ರೊಟ್ಟಿ ತಿಂದವರು ಸತ್ತಾರೇನು?"

"ಸಾಯೂದಿಲ್ಲಜ್ಜಿ, ಆದರ ಅನ್ನ ಉಣ್ಣದ ಬದುಕೂದು ಹ್ಯಾಂಗ?" ಎಂದು ಬಸಲಿಂಗಪ್ಪ ಎದ್ದ. ಅವನು ಭತ್ತದ ಮೇಲೆ ಜೀವ ಇಟ್ಟವನು. ನಾಟಿಯ ದಿನ ಹೊಸ ರುಮಾಲು ಸುತ್ತಿಕೊಂಡು ಬರುವವನು. "ಮುತ್ಯಾ ಹಾಕಿಕೊಟ್ಟದ್ದು ಮೂವತ್ತೈದು. ಒಂದು ತಾಕೂ ಕಡಿಮಿ ಮಾಡಬಾರದು. ಇನ್ನೊಂದೀಟು ಗಂಟಲು ಹರಕೋಂಡ್ರಾತು."

"ಯಾರ ಗಂಟಲಪ್ಪ? ನಿಂದಾ?" ಎಂದಳು ಕಾಶಜ್ಜಿ. ಕಣವೆಲ್ಲ ನಕ್ಕಿತು. ಬಸಲಿಂಗಪ್ಪ ಹಾಡಿದರೆ ನರಿ ಕೂಗಿದ ಹಾಗೆ ಕೇಳುತ್ತಿತ್ತು. ಆಮೇಲೆ ಜೋಳದವರು ಒಂದು ಕಡೆ, ಭತ್ತದವರು ಒಂದು ಕಡೆ ಆಗಿ, ಹೊತ್ತು ಮುಳುಗುವವರೆಗೆ ಕೂಗಾಡಿ, ಉಳಿಸಿಕೊಳ್ಳಬೇಕಾಗಿದ್ದ ದನಿಯನ್ನೂ ಕಳೆದುಕೊಂಡು ಮನೆಗೆ ಹೋದರು. ನಾಲ್ಕು ದಿನದಲ್ಲಿ ತೀರ್ಮಾನ ಆಗಲೇಬೇಕು ಎಂದು ಗೌಡರು ಹೇಳಿದರು.

ಮನೆಯಲ್ಲಿ ನಾನು ಹುಣಸೆ ಬೀಜ ಹರಡಿಕೊಂಡು ಕುಳಿತೆ. ಲೆಕ್ಕ ಇಡುವವಳು ನಾನು. ಒಂದು ತಾಕು ಭತ್ತಕ್ಕೆ ಆರು ಚೀಲ ಕಾಳು, ಎರಡು ಬಂಡಿ ಹುಲ್ಲು. ಒಂದು ತಾಕು ಜೋಳಕ್ಕೆ ಎರಡೇ ಚೀಲ ಕಾಳು, ಆದರೆ ನಾಲ್ಕು ಬಂಡಿ ಕಣಿಕೆಯ ಮೇವು ಎಂಬುದು ನನಗೆ ಬಾಯಿಪಾಠ. ಊರಿನ ಹೊಟ್ಟೆಗೆ ನೂರ ಐವತ್ತು ಚೀಲ ಬೇಕು. ದನಕರುಗಳಿಗೆ ನೂರು ಬಂಡಿ ಮೇವು ಬೇಕು. ಕಾಶಜ್ಜಿ ಹೇಳಿದ ಹಾಗೆ ಮಾಡಿದರೆ ದನಗಳು ತಿಂದು ಮಿಗಿಸುತ್ತವೆ, ಜನ ನೂರು ಚೀಲದಲ್ಲಿ ಅರೆಹೊಟ್ಟೆ ಉಳಿಯುತ್ತಾರೆ. ಬಸಲಿಂಗಪ್ಪ ಹೇಳಿದ ಹಾಗೆ ಮಾಡಿದರೆ ಇನ್ನೂರ ನಲವತ್ತು ಚೀಲ ಬರುತ್ತದೆ. ಹೆಚ್ಚಾದದ್ದು ಪ್ರತಿ ವರ್ಷವೂ ನೆಲದೊಳಗಿನ ಹಗೇವಿನಲ್ಲಿ ನುಸಿ ಹಿಡಿದು ಹಾಳಾಗುತ್ತಿತ್ತು. ಅಂದರೆ ಅಕ್ಕನ ಗಂಟಲು ಇಷ್ಟು ವರ್ಷ ನುಸಿಗೆ ಹಾಡಿತ್ತು! ಇದು ಹೊಳೆದಾಗ ನನಗೆ ಸಿಟ್ಟು ಬಂತು. ಇಷ್ಟು ದಿನ ಗಂಟು ಹಾಕಿದವಳು ನಾನೇ ಆದ್ದರಿಂದ ಸಿಟ್ಟನ್ನು ಯಾರ ಮೇಲೆ ತೀರಿಸಬೇಕೋ ತಿಳಿಯಲಿಲ್ಲ.

ಇವೆರಡರ ನಡುವೆ ಎಲ್ಲೋ ಸರಿಯಾದ ಜೋಡಿ ಇರಬೇಕು. ಆದರೆ ಎಲ್ಲಿ? ಹತ್ತು ಜೋಳ ಇಪ್ಪತ್ತೈದು ಭತ್ತವೋ, ಇಪ್ಪತ್ತು ಜೋಳ ಇಪ್ಪತ್ತು ಭತ್ತವೋ? ಬೀಜ ಸರಿಸಿ ಸರಿಸಿ ಬೆರಳು ಸೋತಿತು. ಗೋಡೆಯ ಬುಡದುದ್ದಕ್ಕೂ ಜೋಳದ ಎಣಿಕೆ, ಎದುರು ಹೊಸ್ತಿಲ ಕಡೆಗೆ ಭತ್ತದ ಎಣಿಕೆ ಎಂದು ಗುರುತು ಮಾಡಿಕೊಂಡು, ಊರಿಗೆ ಕಾಳು ಸರಿಯಾಗಿ ಸಾಲುವ ಒಂದೊಂದು ಜೋಡಿಗೂ ನೆಲದ ಮೇಲೆ ಒಂದೊಂದು ಬೀಜ ಇಡುತ್ತಾ ಹೋದೆ. ಒಂದು ತಾಕು ಭತ್ತ ಕಡಿಮೆ ಮಾಡಿದರೆ ಮೂರು ತಾಕು ಜೋಳ ಹೆಚ್ಚಿಸಬೇಕು. ಮತ್ತೆ ಒಂದು ಕಡಿಮೆ, ಮತ್ತೆ ಮೂರು ಹೆಚ್ಚು.

ಅಕ್ಕ ಹೊರಸಿನ ಮೇಲೆ ಕುಳಿತು ನೋಡುತ್ತಿದ್ದವಳು ಎದ್ದು ಬಂದಳು. ಹೊರಸು ಹೆಣೆಯಲು ಇಟ್ಟಿದ್ದ ಹುರಿಯ ಒಂದು ತುದಿಯನ್ನು ಮೊದಲ ಬೀಜದ ಮೇಲೆ ಹಿಡಿದು, ಇನ್ನೊಂದು ತುದಿಯನ್ನು ಕೊನೆಯ ಬೀಜಕ್ಕೆ ಎಳೆದಳು. ಬೀಜಗಳೆಲ್ಲ ಹುರಿಯ ಕೆಳಗೆ ಸಾಲಾಗಿ ಅಡಗಿದವು. ಅವಳು ಹುಬ್ಬು ಹಾರಿಸಿ ನನ್ನನ್ನು ನೋಡಿದಳು. ನಾನು ಎಷ್ಟು ಹೊತ್ತು ಬಾಯಿ ತೆರೆದುಕೊಂಡು ಕುಳಿತಿದ್ದೆನೋ, ಅಕ್ಕ ನನ್ನ ಗದ್ದ ಹಿಡಿದು ಮುಚ್ಚಿದಳು.

ಮೇವಿಗೂ ಹಾಗೆಯೇ ಇಟ್ಟೆವು. ಅದಕ್ಕೂ ಒಂದು ಹುರಿ ಸಾಕಾಯಿತು. ಎರಡು ಹುರಿಗಳು ಒಂದನ್ನೊಂದು ಅಡ್ಡ ಹಾಯ್ದವು. ಹಾಡಿನ ಲೆಕ್ಕಕ್ಕೆ ಮೂರನೆಯ ಹುರಿಯನ್ನು ಅಕ್ಕ ಒಂದು ಕಡೆ, ನಾನು ಒಂದು ಕಡೆ ಹಿಡಿದು ಹಿಂದೆ ಮುಂದೆ ಸರಿದಾಡಿದೆವು. ಗಂಡಂದಿರಿಬ್ಬರೂ ನೇಗಿಲು ಹೊತ್ತು ಬಂದವರು, ಮನೆಯ ಹೆಂಗಸರು ನೆಲದ ಮೇಲೆ ಹಗ್ಗ ಹಿಡಿದು ಕುಣಿಯುವುದನ್ನು ನೋಡಿ ಏನೂ ಕೇಳದೆ ಅಡಿಗೆ ಮನೆಗೆ ಹೋಗಿ ತಾವೇ ಬಡಿಸಿಕೊಂಡು ಉಂಡರು.

ನಾಲ್ಕನೆಯ ದಿನ ಬೆಳಗ್ಗೆ ಕಣದಲ್ಲಿ ಗೂಟ ಹೊಡೆದೆ. ಕಣದ ಮೂಲೆಯ ಕಲ್ಲಿನಿಂದ ಮೂಡಣ ಅಂಚಿನುದ್ದಕ್ಕೂ ಒಂದು ಗೇಣಿಗೆ ಒಂದು ತಾಕು ಜೋಳ. ಅದೇ ಕಲ್ಲಿನಿಂದ ಬಡಗಣ ಅಂಚಿನುದ್ದಕ್ಕೂ ಒಂದು ಗೇಣಿಗೆ ಒಂದು ತಾಕು ಭತ್ತ. ಭತ್ತವನ್ನೇ ಬಿತ್ತದಿದ್ದರೆ ಊರಿಗೆ ಕಾಳು ಸಾಲಲು ಎಪ್ಪತ್ತೈದು ತಾಕು ಜೋಳ ಬೇಕು, ಜೋಳವನ್ನೇ ಬಿತ್ತದಿದ್ದರೆ ಇಪ್ಪತ್ತೈದು ತಾಕು ಭತ್ತ ಬೇಕು. ಆ ಎರಡು ಗೂಟಗಳ ನಡುವೆ ಕಾಳಿನ ಹಗ್ಗ ಬಿಗಿದೆ. ಮೇವಿನ ಹಗ್ಗ ಇಪ್ಪತ್ತೈದು ಜೋಳದಿಂದ ಐವತ್ತು ಭತ್ತಕ್ಕೆ.

"ಈ ಕಾಳಿನ ಹಗ್ಗದ ಈಚೆ, ಕಲ್ಲಿನ ಕಡೆ ನಿಂತವರಿಗೆ ಹಸಿವು. ಆ ಮೇವಿನ ಹಗ್ಗದ ಈಚೆ ನಿಂತರ ದನಕ್ಕ ಹಸಿವು," ಎಂದೆ. "ಎರಡೂ ಹಗ್ಗ ದಾಟಿ ಆಚೆ ಎಲ್ಲಿ ನಿಂತರೂ ಊರು ಉಣತೈತಿ. ಈಗ ಎಲ್ಲಾರೂ ನಿಮ್ಮ ನಿಮ್ಮ ಮಾತಿನ ಜಾಗಾದಾಗ ನಿಂದರ್ರಿ. ಅಜ್ಜಿ, ನಿಂದು ಐವತ್ತು ಜೋಳ, ಸೊನ್ನಿ ಭತ್ತ."

ಕಾಶಜ್ಜಿ ಅಂಚಿನಲ್ಲಿ ಐವತ್ತು ಗೇಣು ಎಣಿಸಿಕೊಂಡು ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಮೇವಿನ ಹಗ್ಗ ಅವಳ ಬೆನ್ನ ಹಿಂದಿತ್ತು. ಕಾಳಿನ ಹಗ್ಗ ಮುಂದಿತ್ತು.

"ಅಜ್ಜಿ, ನೀ ಹಸಿವಿನ ಕಡೆ ನಿಂತೀದಿ."

ಅವಳು ಹಗ್ಗ ನೋಡಿದಳು, ತನ್ನ ಕಾಲು ನೋಡಿದಳು, ಸೀರೆ ಎತ್ತಿಕೊಂಡು ಹಗ್ಗ ದಾಟಲು ಹೊರಟಳು. "ದಾಟಿದರ ಐವತ್ತಕ್ಕಿಂತ ಹೆಚ್ಚು ತಾಕು ಬೇಕಾಗತಾವ, ಎಲ್ಲಿಂದ ತರ್ತಿ?" ಎಂದೆ. "ಅಯ್ಯ ನಿನ್ನ!" ಎಂದು ಕಾಲು ಹಿಂದೆ ತೆಗೆದಳು. ಬಸಲಿಂಗಪ್ಪ ಮಾತ್ರ ಎರಡೂ ಹಗ್ಗ ದಾಟಿ ಬಹಳ ಆಚೆ, ರಾಜನ ಹಾಗೆ ನಿಂತಿದ್ದ. "ನಾ ಸರಿಯಾದ ಕಡೆ ಅದೀನಿ, ನೋಡ್ರಿ!"

"ಸರಿಯಾದ ಕಡೆ ಅದೀಯಣ್ಣ. ಆದರ ದೂರ ಅದೀ," ಎಂದು ಕೆಂಪು ಬಣ್ಣ ಹಾಕಿದ ಹಗ್ಗ ಹೊರತೆಗೆದೆ. ಅದು ಹಾಡಿನ ಹಗ್ಗ. ಒಂದು ತುದಿಯನ್ನು ಅಕ್ಕ ಜೋಳದ ಅಂಚಿನಲ್ಲಿ ಹಿಡಿದಳು, ಇನ್ನೊಂದನ್ನು ಗೌಡರು ಭತ್ತದ ಅಂಚಿನಲ್ಲಿ ಹಿಡಿದರು. ಅಕ್ಕ ಏಳು ಗೇಣು ಸರಿದರೆ ಗೌಡರು ಮೂರು ಗೇಣು ಸರಿಯಬೇಕು, ಯಾಕೆಂದರೆ ಏಳು ತಾಕು ಜೋಳದ ಹಾಡೂ ಮೂರು ತಾಕು ಭತ್ತದ ಹಾಡೂ ಒಂದೇ ಸಮ. ಹಗ್ಗ ಬಸಲಿಂಗಪ್ಪನ ಎದೆಗೆ ತಾಗುವಂತೆ ಹಿಡಿಸಿದೆ. "ಇಲ್ಲಿ ಇನ್ನೂರ ತೊಂಬತ್ತು ಮುಂಜಾನೆ. ಈಗ ಕಲ್ಲಿನ ಕಡೆ ಬರ್ರಿ. ಹಗ್ಗ ಒಳಗ ಬಂದಂಗ ಹಾಡು ಕಡಿಮಿ ಆಗತಾವ. ನಾ ನಿಲ್ರಿ ಅನ್ನೂತನಾ ಬರ್ರಿ."

ಏಳು ಗೇಣು, ಮೂರು ಗೇಣು. ಏಳು ಗೇಣು, ಮೂರು ಗೇಣು. ಗೌಡರು ಪಂಚೆ ಎತ್ತಿ ಕಟ್ಟಿಕೊಂಡು ಬಗ್ಗಿ ಗೇಣು ಹಾಕುತ್ತಿದ್ದರು. ಇನ್ನೂರ ಅರವತ್ತು ಎಂದೆ. ಇನ್ನೂರ ಮೂವತ್ತು ಎಂದೆ. ಜನ ಕಣದ ಸುತ್ತ ಹಗ್ಗದ ಜೊತೆಗೇ ಹೆಜ್ಜೆ ಹಾಕುತ್ತಾ ಬಂದರು. ಎರಡು ನೂರು ಎಂದಾಗ ಯಾರೋ ಜೋರಾಗಿ ಉಸಿರೆಳೆದರು. ಅಕ್ಕನಿಲ್ಲದೆ ಊರಿಗೆ ಹಾಡಲು ಸಾಧ್ಯವಿದ್ದುದು ಅಷ್ಟೇ. ಹಗ್ಗ ಇನ್ನೂ ಒಳಗೆ ಬಂತು. ಕೊನೆಗೆ ಎರಡು ಹಗ್ಗಗಳು ಸೇರುವ ಗಂಟಿಗೆ ಕೆಂಪು ಹಗ್ಗ ಬಂದು ತಾಗಿತು. ಅಲ್ಲಿಂದ ಒಂದು ಬೆರಳು ಸರಿದರೂ ಅದು ಪೂರಾ ಹಸಿವಿನ ಪಾಲಾಗುತ್ತಿತ್ತು.

"ನಿಲ್ರಿ!" ಎಂದೆ.

ಗೇಣು ಹಾಕಿ ನೋಡಿದೆವು. ಹದಿನೈದು ತಾಕು ಜೋಳ, ಇಪ್ಪತ್ತು ತಾಕು ಭತ್ತ. ನೂರ ಎಂಬತ್ತೈದು ಮುಂಜಾನೆ.

ಬಸಲಿಂಗಪ್ಪ ಗಂಟಿನ ಹತ್ತಿರ ಬಂದು ಕುಕ್ಕರುಗಾಲಿನಲ್ಲಿ ಕುಳಿತ. "ಉಳಿದ ಹದಿನೈದು ತಾಕು?"

"ಬೀಳು."

"ಬೀಳಾ? ನೆಲ ಬೀಳು ಬಿಟ್ಟರ ಭೂಮ್ತಾಯಿ ಏನಂದಾಳು?"

"ಆಕೀಗೂ ದಣಿವು ಇರತೈತಿ ಬಿಡೋ," ಎಂದಳು ಕಾಶಜ್ಜಿ, ಹಸಿವಿನ ಕಡೆಯಿಂದಲೇ. ಮತ್ತೆ ಗೌಡರನ್ನು ಕೇಳಿದಳು, "ಬೆಳಿ ಒಂದೀಟು ಕಡಿಮಿ ಬಂದರ?" ಹಗೇವಿನಲ್ಲಿ ನುಸಿ ಬಿಟ್ಟ ಮೂರು ತಿಂಗಳ ಕಾಳು ಚೆನ್ನಾಗಿದೆ, ಭಯವಿಲ್ಲ ಎಂದು ಗೌಡರು ಹೇಳಿದರು. ಆಮೇಲೆ ಸೊಂಟ ಹಿಡಿದುಕೊಂಡು ನೆಟ್ಟಗಾಗಿ, "ಹಂಗಾದ್ರ ಫಕೀರವ್ವ ಹೇಳಿದಂಗ ಆಗಲಿ," ಎಂದರು. ನನ್ನ ಹೆಸರು ಊರ ಸಭೆಯಲ್ಲಿ ಚಪ್ಪಲಿಯ ಕಥೆಯ ಜೊತೆಗಲ್ಲದೆ ಕೇಳಿಬಂದದ್ದು ಅದೇ ಮೊದಲು.

ಹಂಗಾಮು ಸುಖವಾಗಿಯೇ ನಡೆಯಿತು ಎನ್ನಬೇಕು, ಆದರೆ ನನಗೆ ಸುಖವಿರಲಿಲ್ಲ. ಎಲ್ಲರೂ ನನ್ನ ಗಂಟನ್ನು ನಂಬಿದ್ದರು. ಒಂದು ವರ್ಷ ತೂಕಡಿಸಿ ಒಂದೆರಡು ಗಂಟು ತಪ್ಪಿದ್ದರೆ? ತೂಬಿನ ಹತ್ತಿರ ಕುಳಿತು ಹಳೆಯ ಹುರಿಗಳನ್ನೆಲ್ಲ ಮತ್ತೆ ಮತ್ತೆ ಎಣಿಸುತ್ತಿದ್ದೆ. ಅಕ್ಕ ಬುತ್ತಿ ತಂದು, ಹುರಿಯನ್ನು ಕಸಿದು ಪಕ್ಕಕ್ಕಿಟ್ಟು, ರೊಟ್ಟಿಯನ್ನು ಕೈಗೆ ಕೊಡುತ್ತಿದ್ದಳು. ಮಾತಿಲ್ಲದ ಅಕ್ಕ ಬಹಳ ಜೋರಿನವಳಾಗಿದ್ದಳು.

ಒಂದು ಮುಂಜಾನೆ ಸರದಿ ಇಲ್ಲದ ಕಡೆಯಿಂದ ನರಿ ಕೂಗಿದಂತೆ ಕೇಳಿಸಿತು. ಹೋಗಿ ನೋಡಿದರೆ ಬಸಲಿಂಗಪ್ಪ. ಬೀಳು ಬಿಟ್ಟಿದ್ದ ಒಂದು ತಾಕಿನಲ್ಲಿ ಯಾರಿಗೂ ಹೇಳದೆ ಭತ್ತ ನೆಟ್ಟಿದ್ದ. ನೀರು ಅವನ ಹಾಡಿಗೆ ಅರ್ಧ ಕಾಲುವೆಯವರೆಗೆ ಬಂದು, ಮುಂದೆ ಬರಲೋ ಬೇಡವೋ ಎಂದು ಅಲ್ಲೇ ಸುತ್ತುತ್ತಿತ್ತು. ನನ್ನನ್ನು ಕಂಡು ಅವನು ನಿಲ್ಲಿಸಿದ. ನೀರು ಬಂದಷ್ಟೇ ಬೇಗ ಹೊರಟುಹೋಯಿತು.

"ಯಾರಿಗೂ ಹೇಳಬ್ಯಾಡ ಫಕೀರವ್ವ."

"ಹೇಳೂದಿಲ್ಲ. ಎಷ್ಟು ದಿನದಿಂದ ಹಾಡಾಕತ್ತೀಯಣ್ಣ?"

"ಒಂಬತ್ತು ದಿನ," ಎಂದು ಗಂಟಲು ಹಿಡಿದುಕೊಂಡ. "ದ್ಯಾಮವ್ವ ನಮಗಾಗಿ ತೊಂಬತ್ತು ಹಾಡತಿದ್ದಳಲ್ಲ. ಹ್ಯಾಂಗ ಹಾಡತಿದ್ದಳವ್ವ?" ಎಂದವನು ಅಲ್ಲೇ ಬದುವಿನ ಮೇಲೆ ಕುಳಿತುಬಿಟ್ಟ. ಮರುದಿನ ನಮ್ಮ ಮನೆಗೆ ಒಂದು ಗಡಿಗೆ ಜೇನುತುಪ್ಪ ಬಂತು. ಯಾರು ಕಳಿಸಿದರೆಂದು ಅಕ್ಕ ಸನ್ನೆಯಲ್ಲಿ ಕೇಳಿದಳು. ನರಿ ಎಂದೆ.

ಸುಗ್ಗಿ ಬಂತು. ರಾಶಿ ಮಾಡಿ ಅಳೆಯುವ ದಿನ ಊರೆಲ್ಲ ಮಧ್ಯಾಹ್ನದ ಬಿಸಿಲನ್ನೂ ಲೆಕ್ಕಿಸದೆ ಕಣದಲ್ಲಿ ಕುಳಿತಿತ್ತು. ಮೇವು ಮೊದಲೇ ಎಣಿಸಿ ಆಗಿತ್ತು, ನೂರ ಎರಡು ಬಂಡಿ. ಜೋಳ ಇಪ್ಪತ್ತೆಂಟೇ ಚೀಲ ಬಂತು, ಮೂವತ್ತು ಬರಬೇಕಿತ್ತು. ಭತ್ತ ಅಳೆಯತೊಡಗಿದರು. ನೂರು. ನೂರಾ ಹತ್ತು. ನೂರಾ ಹದಿನೆಂಟು. ನಾನು ರಾಶಿಯ ಕಡೆ ನೋಡುವುದನ್ನು ಬಿಟ್ಟು ನನ್ನ ಕಾಲ್ಬೆರಳು ನೋಡುತ್ತಾ ಕುಳಿತೆ. ನೂರಾ ಇಪ್ಪತ್ತು ಎಂದರು. ಇಪ್ಪತ್ತೊಂದು ಎಂದರು. ಇಪ್ಪತ್ತೆರಡು ಎಂದು ಗೌಡರು ಕೂಗಿ, ನೆಲ ಗುಡಿಸಿ ಉಳಿದ ಕಾಳನ್ನು ಎರಡೂ ಕೈಯಲ್ಲಿ ಎತ್ತಿ, "ಇದು ಗುಬ್ಬಿಗೆ," ಎಂದರು.

ನೂರ ಐವತ್ತು ಚೀಲ, ಮೇಲೊಂದು ಬೊಗಸೆ. ಆಗ ಐದು ತಿಂಗಳಿಂದ ನಾನು ಕೇಳದಿದ್ದ, ತೊಳೆದ ತಾಮ್ರದಂಥ ದನಿಯೊಂದು ನನ್ನ ಪಕ್ಕದಿಂದಲೇ ಎದ್ದಿತು.

"ಎಲ್ಲಾ ಆತಲ್ಲ? ಊಟಕ್ಕ ಏನು ಮಾಡೀರಿ?"

ಕಣ ಬಿದ್ದು ಬಿದ್ದು ನಕ್ಕಿತು. ಇಮಾಮಸಾಬರು ಟೊಪ್ಪಿಗೆ ತೆಗೆದು ಕಣ್ಣು ಒರೆಸಿಕೊಂಡರು. ನಾನು ಅಕ್ಕನ ಕುತ್ತಿಗೆಗೆ ಜೋತುಬಿದ್ದೆ. ಅವಳು ನನ್ನನ್ನು ಬಿಡಿಸಿಕೊಂಡು, ಕೆರೆಗೆ ಬೆನ್ನು ಮಾಡಿ, ಸೆರಗು ಬಿಗಿದು ನಿಂತು, ಯಾವ ಬೆಳೆಗೂ ಬೇಡವಾದ ಒಂದು ಹಾಡು ಎತ್ತಿಕೊಂಡಳು. ಐದು ತಿಂಗಳು ಬಾಯಿ ಮುಚ್ಚಿಕೊಂಡು ಒಳಗೊಳಗೇ ಕಟ್ಟಿದ್ದಿರಬೇಕು.

"ಕಪ್ಪಿ ಮದಿವ್ಯಾಗ ಬಡಿಸವ್ರು ಯಾರ, ಏಡಿ ಹೊತ್ತೈತಿ ತುಪ್ಪದ ಕೊಡ, ಮೀಸಿ ತಿರುವ್ಯಾನ ಮೀನಿನ ಮಾವ, ಹೋಳಿಗಿ ಸಾಲ್ದು ಅಂತಾನ ನೋಡ!"

ಹೆಂಗಸರು ಬಾಯಿಗೆ ಸೆರಗು ಹಿಡಿದರು. ಎರಡನೆಯ ನುಡಿಗೆ ಗಂಡಸರು ಚಪ್ಪಾಳೆ ಹಾಕತೊಡಗಿದರು. ಮೂರನೆಯ ನುಡಿಯ ಹೊತ್ತಿಗೆ ಬಸಲಿಂಗಪ್ಪ, "ನೀರು! ನೀರು ಬಂತು!" ಎಂದು ಹಾರಿದ. ಕಾಲುವೆ ತುಂಬಿ, ಬದು ಹಾರಿ, ನೀರು ಕಣದ ಕಡೆಗೇ ಬರುತ್ತಿತ್ತು. ಎಲ್ಲರೂ ಎದ್ದು ಓಡಿದರು. ಕೆಲವರು ಚೀಲಗಳನ್ನು ಬಂಡಿಗೆ ಎಸೆದರು. ಉಳಿದವರು ಸಿಕ್ಕ ಸಿಕ್ಕ ಚೀಲವನ್ನು ತಲೆಯ ಮೇಲೆ ಹೊತ್ತು ಪಾದ ಮುಳುಗುವ ನೀರಿನಲ್ಲಿ ನಿಂತರು. ಅಕ್ಕ ಗಾಬರಿಯಾಗಿ ಹಾಡು ನಿಲ್ಲಿಸಿ ಬಾಯಿ ಮುಚ್ಚಿಕೊಂಡಳು. ನೀರೂ ನಿಂತಿತು.

"ಯಾಕ ನಿಲ್ಲಿಸಿದಿ ಬೇ?" ಎಂದು ಕಾಶಜ್ಜಿ ತಲೆಯ ಮೇಲಿನ ಜೋಳದ ಚೀಲವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಸೀರೆ ಎತ್ತಿಕೊಂಡು ಕೂಗಿದಳು. "ಮೀನಿನ ಮಾವಗ ಹೋಳಿಗಿ ಸಿಕ್ಕಿತೋ ಇಲ್ಲೋ? ಹಾಡು, ಹಾಡು! ಚೀಲ ನಾವು ಹಿಡಕೋಂಡೇವಿ!"